ನೀಲಿ ಚಿಪ್ಪಿನ ಕಳ್ಳ

“ನಗಬೇಡ ಕಣಯ್ಯಾ ಹೋಬರ್ಟ್! ನಾಯಿಗೆ ಎಲ್ಲಾದ್ರೂ ಕೋಳಿಗೂಡಿನ ಚಿಲಕ ತೆಗೆಯೋಕೆ ಬರುತ್ತಾ?”

ಹೋಬರ್ಟ್ ಅಲ್ಲಿರಲೇ ಇಲ್ಲ. ಮುದುಕ ವರ್ಲಿನ್ ಹಳ್ಳದ ದಂಡೆಯಲ್ಲಿ ತನ್ನ ನಾಯಿಯೊಂದಿಗೆ ನಡೆಯುತ್ತ, ನೆರೆಮನೆಯವನ ಜೊತೆ ಗಾಳಿಯಲ್ಲೇ ಜಗಳ ಕಾಯುತ್ತಿದ್ದ. ಹೋಬರ್ಟನ ಮೊಟ್ಟೆಗಳು ದಿನಾ ಕಳುವಾಗುತ್ತಿದ್ದವು. ಕದಿಯುತ್ತಿರುವುದು ವರ್ಲಿನ್‌ನ ನಾಯಿ ಟಿಪ್, ಇನ್ನೊಂದು ಮೊಟ್ಟೆ ಹೋದರೆ ಬಂದೂಕು ತೆಗೆಯುತ್ತೇನೆ ಎಂದು ಅವನು ಹೇಳಿಬಿಟ್ಟಿದ್ದ. ಅದು ರಕೂನ್ ಎಂಬ ಕಾಡುಪ್ರಾಣಿಯ ಕೆಲಸ ಎಂದರೆ ನಂಬಬೇಕಲ್ಲ! ಓಜಾರ್ಕ್ ಗುಡ್ಡಗಳಲ್ಲಿ ರಕೂನ್ ಹಿಡಿಯುವುದರಲ್ಲಿ ವರ್ಲಿನ್‌ನನ್ನು ಬಿಟ್ಟರಿಲ್ಲ. ಸುಳ್ಳು ಹೊಸೆಯುವುದರಲ್ಲೂ ಅಷ್ಟೇ. ಮೀನಿನ ಬೆನ್ನೇರಿ ಹೊಳೆ ದಾಟಿದೆ ಎಂದು ಚರ್ಚಿನ ಮೆಟ್ಟಿಲ ಮೇಲೆ ನಿಂತು ಹೇಳಿದ ಆಸಾಮಿ.

ಕೆಸರಿನಲ್ಲಿ ಗುರುತು ಸಿಕ್ಕಿದ್ದೇ ತಡ, ಹೋಬರ್ಟನನ್ನು ಕೂಗಿ ಕರೆದ.

“ಏನು ಕಾಣುತ್ತೆ, ನೀನೇ ಹೇಳು.”

“ಯಾವುದೋ ಮಗು ಅಂಗೈ ಊರಿದ ಹಾಗಿದೆ.”

“ಐದು ಬೆರಳು. ನಾಯಿ ಹೆಜ್ಜೆಲಿ ಮೂಡೋದು ನಾಲ್ಕೇ. ಮುಂಗಾಲಿನ ಪಕ್ಕಕ್ಕೇ ಹಿಂಗಾಲು ಬಿದ್ದಿದೆ ನೋಡು, ಜೋಡಿ ಜೋಡಿ.”

“ನಿನ್ನ ಮೊಮ್ಮಗಳ ಕೈ ತಂದು ಒತ್ತಿಸಿದ್ಯೋ ಏನೋ, ಯಾರಿಗ್ಗೊತ್ತು!”

ವರ್ಲಿನ್‌ನ ನಾಲಿಗೆ ತುರಿಸಿತು. ಟಿಪ್‌ನ ಮುಖ ನೋಡಿ ಕಚ್ಚಿಕೊಂಡ. ಇವತ್ತು ನಿಜ ಬಿಟ್ಟು ಒಂದಕ್ಷರ ಆಡಕೂಡದು.

ಹೆಜ್ಜೆ ಹಿಡಿದು ಹೋದರೆ, ಕಲ್ಲಿನ ಮೇಲೆ ಸೀಗಡಿಯ ಚಿಪ್ಪು. ಮುಂದೆ ಪೊಟರೆ ಬಿದ್ದ ಹಳೆಯ ಮರ. ತೊಗಟೆಯ ಬಿರುಕಿನಲ್ಲಿ ಬೂದುಗೂದಲು, ಬುಡದಲ್ಲಿ ಹಿಕ್ಕೆಯ ಗುಡ್ಡೆ.

“ಈ ದೊರೆಗೆ ದಿನಾ ಒಂದೇ ಜಾಗ,” ಎಂದು ವರ್ಲಿನ್ ಕಡ್ಡಿಯಿಂದ ಕೆದಕಿದ. ಕಾಡುಹಣ್ಣಿನ ಬೀಜಗಳು ಹೊರಬಿದ್ದವು. ಹೋಬರ್ಟನಿಗೂ ತಡೆಯಲಾಗಲಿಲ್ಲ. ಕುಕ್ಕರಗಾಲಲ್ಲಿ ಕೂತು, “ಕೊಡಿಲ್ಲಿ,” ಎಂದು ಕಡ್ಡಿ ಕಿತ್ತುಕೊಂಡು ತಾನೇ ಕೆದಕತೊಡಗಿದ. ಏನೋ ಮಿನುಗಿತು: ತಿಳಿನೀಲಿ ಚಿಪ್ಪಿನ ಚೂರು! ಆ ಕಣಿವೆಯಲ್ಲಿ ನೀಲಿ ಮೊಟ್ಟೆ ಇಡುವುದು ಹೋಬರ್ಟನ ಕೋಳಿಗಳು ಮಾತ್ರ.

ಅವನು ಕಡ್ಡಿಯಿಂದ ಆ ಚೂರನ್ನು ತಿರುವಿ ನೋಡಿದ. “ಬೋನು ಇಲ್ಲೇ ಇಡು. ನಿನ್ನ ನಾಯಿ ತಂಟೆಗೆ ನಾನು ಬರಲ್ಲ.”

ವರ್ಲಿನ್‌ಗೆ ಹೋದ ಜೀವ ಬಂತು. ಜೊತೆಗೆ ನಾಲಿಗೆಯ ಗಂಟೂ ಬಿಚ್ಚಿತು. “ಇದೇನು ಮಹಾ! ಹೋದ ವರ್ಷದ ರಕೂನ್ ಒಂದು, ಕದ್ದ ಮೊಟ್ಟೆ ಬೇಯಿಸ್ಕೊಳ್ಳೋಕೆ ಸೀದಾ ನಮ್ಮನೆ ಒಲೆ ಮುಂದೆ ಬಂದು, ಉಪ್ಪೆಲ್ಲಿ ಅಂತ...”

ಹೋಬರ್ಟನ ಕಣ್ಣು ಮತ್ತೆ ಅನುಮಾನದಿಂದ ಸಣ್ಣಗಾದವು. ಕೈಯಲ್ಲಿದ್ದ ಕಡ್ಡಿ ನೋಡಿದ, ಟಿಪ್‌ನ ಕಾಲು ನೋಡಿದ.

“ರೀ!” ದಿಬ್ಬದ ಮೇಲಿಂದ ವರ್ಲಿನ್‌ನ ಹೆಂಡತಿ ಡೆಲ್ಫಾ ಕೂಗಿದಳು. “ಬೀನ್ಸ್ ಆರಿಹೋಗ್ತಿದೆ! ಹೋಬರ್ಟಣ್ಣನ್ನೂ ಕರ್ಕೊಂಡ್ಬನ್ನಿ. ಆ ಬಾಯಿಗೆ ತಿನ್ನೋ ಕೆಲಸ ಕೊಡ್ರೀ ಸಾಕು!”

ವರ್ಲಿನ್ ತಟ್ಟನೆ ಬಾಯಿ ಮುಚ್ಚಿದ. ಎಲ್ಲರಿಗಿಂತ ಮೊದಲು ಮನೆ ಕಡೆ ಓಡಿದ್ದು ಟಿಪ್.