ಕುತ್ತಿಗೆಯ ಹದಿನಾರನೆಯ ಎಲುಬು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಜೋಳದ ದಂಟು ಸಿಗಿದದ್ದು ದೇವದುರ್ಗದ ಅಜ್ಜಿಯ ಮನೆಯಲ್ಲೋ ಮಾನ್ವಿಯ ನಮ್ಮ ಮನೆಯಲ್ಲೋ, ಈಗ ಹೇಳಲಾರೆ. ನಲವತ್ತರ ದಶಕದ ಮೊದಲ ವರ್ಷಗಳು, ನನಗೆ ಹನ್ನೊಂದಿರಬೇಕು. ಒಂದು ಎಣಿಕೆ ಮಾತ್ರ ಮರೆತಿಲ್ಲ.

ರಾಯಚೂರಿನಲ್ಲಿ ಮಾಸ್ತರರಾಗಿದ್ದ ಸೋದರಮಾವ ರಜೆಗೆ ಬಂದಾಗ ಒಂದು ಚಿತ್ರದ ಪುಸ್ತಕ ತಂದಿದ್ದರು. ಅದರಲ್ಲಿ ಡಿಪ್ಲೊಡೋಕಸ್ ಎಂಬ ಉದ್ದ ಕುತ್ತಿಗೆಯ ಡೈನೋಸಾರಿನ ಅಸ್ಥಿಪಂಜರ. ಕಂಬದಂಥ ನಾಲ್ಕು ಕಾಲು, ಕುದುರೆಯದಷ್ಟೇ ತಲೆ, ಸೊಪ್ಪು ಸವರಲು ಬಾಚಣಿಗೆಯಂಥ ಹಲ್ಲು. ಇದರ ಪೂರ್ವಜರು ಎರಡೇ ಕಾಲಿನ ಮೇಲೆ ಓಡಾಡುತ್ತಿದ್ದ ಸಣ್ಣ ಪ್ರಾಣಿಗಳಂತೆ. ಇದು ಅಮೆರಿಕದ್ದು, ಇದರ ಬಳಗದ ಎಲುಬುಗಳು ಆಫ್ರಿಕಾದಲ್ಲೂ ನಮ್ಮ ಜಬಲ್ಪುರದಲ್ಲೂ ಸಿಕ್ಕಿವೆ ಎಂದರು ಮಾವ.

"ನಮ್ಮ ಗುಡ್ಡದಾಗ ಇಲ್ಲೇನ್ರಿ ಮಾಮಾ?"

"ನಮ್ಮ ಕಲ್ಲು ಭಾಳ ಹಳೇವು, ಹುಚ್ಚಿ. ಇವು ಹುಟ್ಟಿದಾಗ ಆ ಪ್ರಾಣಿಯ ಮುತ್ಯಾನೂ ಹುಟ್ಟಿದ್ದಿಲ್ಲ."

ಕುತ್ತಿಗೆಯ ಎಲುಬುಗಳೊಳಗೆ ಗಾಳಿಯ ಪೊಳ್ಳುಗಳಿದ್ದವು ಎಂದಾಗ ನನಗೆ ಹೊಳೆದದ್ದು ದಂಟಿನೊಳಗಿನ ಹಗುರ ಬೆಂಡು. ನಾವು ಆಟದ ಬಂಡಿ ಮಾಡುತ್ತಿದ್ದ ಆ ಬೆಂಡಿಗೆ ಜಾಲಿ ಮುಳ್ಳು ಚುಚ್ಚಿ ಚುಚ್ಚಿ ಇಡೀ ಪ್ರಾಣಿಯನ್ನು ಜೋಡಿಸಿದೆ. ಮಾವ ಬೆರಳಿಟ್ಟು ಎಣಿಸಿ ನಕ್ಕರು.

"ಕುತ್ತಿಗಿಗೆ ಹದಿನೈದು ಇರಬೇಕವ್ವ. ನೀ ಒಂದು ಹೆಚ್ಚಿಗಿ ಕೊಟ್ಟೀದಿ, ಭಾಳ ಧಾರಾಳ ನೀನು!"

ನಾನು ಅದನ್ನು ಕೀಳಲಿಲ್ಲ.

"ಮಾಮಾನ ಸಾಲ್ಯಾಗ ಇದನ್ನ ಮೆಚ್ಚಿದ್ರ ನಿನ್ನ ರಾಯಚೂರಾಗ ಓದಾಕ ಇಡ್ತೀನಿ," ಎಂದರು ಅಪ್ಪ.

ಮಾವ ಅದನ್ನು ಬುಟ್ಟಿಯಲ್ಲಿಟ್ಟು ಬಸ್ಸಿನಲ್ಲಿ ಒಯ್ದರು. ಮುಂದಿನ ಸಲ ಬರಿಗೈಯಲ್ಲಿ ಬಂದರು. "ಬಸ್ ಕುಲುಕಾಡಿ ಕುತ್ತಿಗಿ ಮುರೀತವ್ವ. ಯಾರಿಗೂ ತೋರ್ಸಾಕ ಆಗಲಿಲ್ಲ." ಅಪ್ಪ ಶಾಲೆಯ ಮಾತು ಬಿಟ್ಟರು. ನಾನೇ ಮಾವನಿಗೆ ಸಮಾಧಾನ ಹೇಳಿದೆನೆಂಬ ನೆನಪು. ಇದು ಆಮೇಲೆ ನಾನು ಸೇರಿಸಿಕೊಂಡದ್ದೋ ಏನೋ.

ಮರುವರ್ಷ ಬಳಗದ ಮದುವೆಗೆ ರಾಯಚೂರಿಗೆ ಹೋದಾಗ ಮಾವನ ಶಾಲೆಯಲ್ಲೇ ನಮಗೆ ಬಿಡಾರ ಕೊಟ್ಟಿದ್ದರು. ಅಲ್ಲಿನ ಗಾಜಿನ ಕಪಾಟಿನಲ್ಲಿ ಬೆಂಡಿನ ಡಿಪ್ಲೊಡೋಕಸ್ ಒಂದು ನಿಂತಿತ್ತು. ಕೆಳಗಿನ ಚೀಟಿಯಲ್ಲಿ ಮಾವನ ಮಗನ ಹೆಸರು. ಅವನೂ ಒಂದು ಮಾಡಿರಬಹುದಲ್ಲ ಎಂದುಕೊಂಡೆ. ಗಾಜಿಗೆ ಮೂಗು ಒತ್ತಿ ಎಣಿಸಿದೆ. ಎರಡು ಸಲ. ಹದಿನಾರು.

ಮಾವ ಹಿಂದೆಯೇ ಬಂದು ನಿಂತಿದ್ದರು. "ನಡೀ, ಊಟಕ್ಕ ಕುಂತಾರ," ಎಂದರು. ನಾನು ಅಲ್ಲಾಡಲಿಲ್ಲ. ಎಷ್ಟೋ ವರ್ಷ ತಡವಾಗಿ ನನಗೆ ಓದು ಸಿಕ್ಕಿತು, ವಿಶ್ವವಿದ್ಯಾಲಯವೂ ಸಿಕ್ಕಿತು. ಆ ಕಪಾಟಿನ ಮುಂದೆ ಕೇಳಿದ್ದಕ್ಕೆ ಉತ್ತರ ಸಿಕ್ಕಿಲ್ಲ.

"ಮಾಮಾ, ಮುರಿದದ್ದು ಯಾವ ಎಲುಬುರೀ?"