ಬೀಡಿ ಕಟ್ಟುತ್ತ ಕೇಳಿದ ಗೂಢಚಾರಿಣಿಯರು

ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ ಇಂಗ್ಲಿಷ್ ಸಿನಿಮಾ ಒಂದಿದೆ. ಅದರ ಇಬ್ಬರು ನಾಯಕಿಯರ ಮುಖ ಹೇಗಿತ್ತೆಂದು ಕೇಳಿದರೆ ಮಾತ್ರ ಹೇಳಲಾರೆ. ಇದನ್ನು ಒಮ್ಮೆ ಗಂಡನೆದುರು ಬಾಯಿಬಿಟ್ಟು ನಗೆಪಾಟಲಾಗಿದ್ದೇನೆ. ನಿಮ್ಮೆದುರು ಹೇಳಲು ಆ ಅಂಜಿಕೆಯಿಲ್ಲ. ನೀವು ನಕ್ಕರೂ ನನಗೆ ಕೇಳಿಸುವುದಿಲ್ಲವಲ್ಲ.

ಸಂಗತಿ ಇಷ್ಟೇ. ನಮ್ಮ ತವರು ನಿಪ್ಪಾಣಿ, ನಮ್ಮದು ಬೀಡಿ ಕಟ್ಟುವ ಮನೆ. ಮಧ್ಯಾಹ್ನವಾಯಿತೆಂದರೆ ಪಡಸಾಲೆಯಲ್ಲಿ ಅವ್ವ, ಎದುರುಮನೆಯ ಅಕ್ಕಾತಾಯಿ ಮಾವಶಿ, ಓಣಿಯ ಇನ್ನಿಬ್ಬರು ಮೊರ ತೊಡೆಯ ಮೇಲಿಟ್ಟುಕೊಂಡು ಕೂಡುತ್ತಿದ್ದರು. ಚಿಕ್ಕೋಡಿಗೆ ಶಿಕ್ಷಕರ ತರಬೇತಿಗೆ ಹೋಗುತ್ತಿದ್ದ ನಾನೂ ಬಸ್ಸಿಳಿದು ಬಂದವಳೇ ಅವರ ಸಾಲಿಗೆ ಸೇರುತ್ತಿದ್ದೆ. ಬೀಡಿ ಕಟ್ಟುವವಳ ಕಣ್ಣು ಎಲೆಯ ಮೇಲಿಂದ ಏಳುವಂತಿಲ್ಲ. ಎಲೆ ಕತ್ತರಿಸು, ತಂಬಾಕು ಹಾಕು, ಸುರುಳಿ ಸುತ್ತು, ತುದಿ ಮಡಚು, ದಾರ ಬಿಗಿ. ಇಷ್ಟರ ನಡುವೆ ತಲೆಯೆತ್ತಿ ಟೀವಿ ನೋಡಿದರೆ ದಾರ ಬೆರಳಿಗೆ ಬೀಳುತ್ತದೆ. ದೇವರು ಬೀಡಿಯವರಿಗೆಂದು ಬಿಟ್ಟುಕೊಟ್ಟದ್ದು ಕಿವಿ ಒಂದನ್ನೇ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಅಣ್ಣನ ಹೆಂಡತಿಯಾಗಿ ಅಥಣಿ ಕಡೆಯಿಂದ ಶೋಭಾ ವೈನಿ ನಮ್ಮ ಮನೆಗೆ ಬಂದಳು. ತವರಿನವರು ಅವಳೊಂದಿಗೆ ಒಂದು ವಿಸಿಡಿ ಪ್ಲೇಯರ್ ಕಳಿಸಿದ್ದರು. ಅದರ ಜೊತೆ ಅಂಗಡಿಯವನು ಪುಕ್ಕಟೆಯಾಗಿ ಕೊಟ್ಟದ್ದು ಈ ಇಂಗ್ಲಿಷ್ ಸಿನಿಮಾ. ಇಬ್ಬರು ಹೆಣ್ಣು ಗೂಢಚಾರರು, ಒಬ್ಬಳು ಉದ್ದ, ಒಬ್ಬಳು ಗಿಡ್ಡ. ದೇಶದೇಶ ಸುತ್ತಿ ಗಂಡಸರನ್ನು ಒದೆಯುವುದು ಅವರ ನೌಕರಿ. ಮನೆಯಲ್ಲಿ ಇದ್ದದ್ದು ಅದೊಂದೇ ಸಿನಿಮಾ, ಹೀಗಾಗಿ ದಿನವೂ ಅದೇ.

ವೈನಿಗೆ ಮಾತ್ರ ಬೀಡಿ ಒಲಿಯಲಿಲ್ಲ. ಅವಳು ಕಟ್ಟಿದ ಬೀಡಿ ಕಾರ್ಖಾನೆಯ ತಪಾಸಣೆಯವನ ಕೈಗೆ ಹೋಗುವ ಮೊದಲೇ ಬಿಚ್ಚಿಕೊಂಡು ಎಲೆ ಬೇರೆ, ತಂಬಾಕು ಬೇರೆಯಾಗುತ್ತಿತ್ತು. ಎರಡು ವಾರ ನೋಡಿದ ಅವ್ವ ಕೊನೆಗೆ, “ನೀ ಕಟ್ಟಬ್ಯಾಡವಾ, ನಿನಗ ಕೈ ಮುಗೀತೀನಿ. ಆ ಟೀವ್ಯಾಗ ಏನ್ ನಡದೈತಿ ಅಷ್ಟ್ ಹೇಳಕೋತ ಕೂಡು” ಎಂದಳು. ಅಲ್ಲಿಂದ ವೈನಿಯ ಕೆಲಸ ಸಿನಿಮಾ ಹೇಳುವುದು.

ಪಿಯುಸಿಯಲ್ಲಿ ಇಂಗ್ಲಿಷ್ ಅವಳನ್ನು ಎರಡು ಸಲ ಉರುಳಿಸಿತ್ತಂತೆ. ಆದರೆ ಗೊತ್ತಿಲ್ಲದ ಭಾಷೆಯಿಂದ ಅನುವಾದ ಮಾಡುವವರಿಗೆ ಇರುವ ಸ್ವಾತಂತ್ರ್ಯ ಬಲ್ಲವರಿಗೆ ಎಲ್ಲಿಂದ ಬರಬೇಕು? ಉದ್ದನೆಯವಳಿಗೆ ಚಂದ್ರವ್ವ, ಗಿಡ್ಡಿಗೆ ಗಂಗೂ ಎಂದು ಹೆಸರಿಟ್ಟಳು. ಕಳ್ಳರು ಒಂದು ಪುಟ್ಟ ಪೆಟ್ಟಿಗೆಯನ್ನು ಕದ್ದಿರುತ್ತಾರೆ, ಸಿನಿಮಾದ ಪೂರ್ತಿ ಓಡಾಟ ಅದಕ್ಕಾಗಿ. ಅದರಲ್ಲಿ ಏನಿತ್ತೋ ಇಂದಿಗೂ ನನಗೆ ಗೊತ್ತಿಲ್ಲ. ವೈನಿಯ ಪ್ರಕಾರ ಅದರಲ್ಲಿದ್ದದ್ದು ಒಬ್ಬ ವಿಧವೆಯ ಹೊಲದ ಉತಾರ. ಮೈದುನ ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವುದರೊಳಗೆ ಗಂಗೂ ಚಂದ್ರವ್ವ ಅದನ್ನು ಮರಳಿ ತರಬೇಕು. ಹೊಲದ ಕಾಗದಕ್ಕಾಗಿ ಕಚೇರಿ ಅಲೆದವರೇ ಕೂತಿದ್ದ ಪಡಸಾಲೆಯಲ್ಲಿ ಇದಕ್ಕಿಂತ ದೊಡ್ಡ ರಹಸ್ಯ ಯಾರಿಗೆ ಬೇಕಿತ್ತು? ನಾಯಕಿ ಯಾವನದೋ ತುಟಿಗೆ ತುಟಿ ತಂದಳೆಂದರೆ ವೈನಿ ಕೆಮ್ಮಿ, “ಈಗ ಕಿವ್ಯಾಗ ಗುಟ್ಟ ಹೇಳಾಕತ್ತಾಳ” ಎನ್ನುವಳು. ಗುಟ್ಟು ಬಹಳ ಹೊತ್ತು ನಡೆದರೆ ಅಕ್ಕಾತಾಯಿ ಮಾವಶಿ, “ಅಗಂ ಬಾಯೀ, ಎಷ್ಟ್ ದೊಡ್ಡ ಗುಟ್ಟs ಇದು!” ಎಂದು ಮೊರದ ಕಡೆ ನೋಡುತ್ತಲೇ ನಗುತ್ತಿದ್ದಳು.

ಹೊಡೆದಾಟದ ಭಾಗ ಬಂದಾಗ ವೈನಿಯ ದನಿ ಏರುತ್ತಿತ್ತು, ಅದರ ಜೊತೆ ನಮ್ಮ ಬೆರಳೂ ಬಿಗಿಯುತ್ತಿದ್ದವು. ಒಂದು ದಿನ ತಪಾಸಣೆಯವನು ನಮ್ಮ ಕಟ್ಟಿನಿಂದ ಒಂದು ಬೀಡಿ ಹಚ್ಚಿ ಎಳೆದ, ಮತ್ತೆ ಎಳೆದ, ಕಣ್ಣು ಹೊರಬರುವಂತೆ ಎಳೆದ, ಹೊಗೆ ಬರಲಿಲ್ಲ. “ಏನ್ರಿ ಇದು, ಬೀಡಿ ಕಟ್ಟೀರೋ ಮೊಳಿ ಬಡದೀರೋ?” ಎಂದು ಅರ್ಧ ಕಟ್ಟು ಆಚೆ ಹಾಕಿದ. ರೈಲಿನ ಮೇಲೆ ಗಂಗೂ ನಾಲ್ವರನ್ನು ಎದುರಿಸಿದ ಹೊತ್ತಿನ ಬೀಡಿಗಳವು. ಅವ್ವ ಮರುದಿನದಿಂದ ಹೊಡೆದಾಟವಿದ್ದಲ್ಲಿ ಮೆಲ್ಲಗೆ ಹೇಳಬೇಕೆಂದು ಸೊಸೆಗೆ ತಾಕೀತು ಮಾಡಿದಳು.

ಹಳೆಯ ರಾಜರ ಕಾಲದಲ್ಲಿ ಹೆಣ್ಣು ಗೂಢಚಾರರು ಸನ್ಯಾಸಿನಿಯ, ದಾಸಿಯ ವೇಷದಲ್ಲಿ ತಿರುಗುತ್ತಿದ್ದರೆಂದು ಎಲ್ಲಿಯೋ ಓದಿದ್ದೇನೆ. ಹೆಣ್ಣನ್ನು ಯಾರೂ ಗಮನಿಸುವುದಿಲ್ಲ, ಹೆಣ್ಣು ಮಾತ್ರ ಎಲ್ಲವನ್ನೂ ಗಮನಿಸುತ್ತಾಳೆ ಎಂಬುದು ಅದರ ಹಿಂದಿನ ಲೆಕ್ಕಾಚಾರ. ಆ ರಾಜರು ನಿಪ್ಪಾಣಿಗೆ ಬಂದಿದ್ದರೆ ವೇಷದ ಖರ್ಚೂ ಉಳಿಯುತ್ತಿತ್ತು. ತಲೆ ತಗ್ಗಿಸಿ ಬೀಡಿ ಕಟ್ಟುವ ಅಕ್ಕಾತಾಯಿ ಮಾವಶಿಗೆ ಯಾರ ಮನೆಯಲ್ಲಿ ಎಷ್ಟು ಹೊತ್ತಿಗೆ ಒಲೆ ಹತ್ತಿತು, ಯಾವ ಸೊಸೆ ಅತ್ತಳು ಎಲ್ಲ ಗೊತ್ತಿರುತ್ತಿತ್ತು.

ಆ ವಿಸಿಡಿ ಎರಡು ತಟ್ಟೆಗಳದು. ಎರಡನೆಯದರ ಮೈತುಂಬ ಗೀರು. ಸಿನಿಮಾ ಕೊನೆಗೆ ಬರುವಾಗ ಚಂದ್ರವ್ವ ಸೇತುವೆಯಿಂದ ಹಾರುತ್ತಾಳೆ. ಹಾರಿದವಳು ಗಾಳಿಯಲ್ಲೇ ನಿಂತುಬಿಡುತ್ತಾಳೆ. ಮುಂದೆ ಟೀವಿಗೆ ಗೊತ್ತಿಲ್ಲ, ವೈನಿಗೆ ಗೊತ್ತು. ಒಂದು ದಿನ ಚಂದ್ರವ್ವ ಕೃಷ್ಣಾ ನದಿಯಷ್ಟೇ ದೊಡ್ಡ ಹೊಳೆಗೆ ಬಿದ್ದು ಈಜಿ ದಡ ಸೇರುವಳು. ಇನ್ನೊಂದು ದಿನ ಕಬ್ಬಿನ ಟ್ರ್ಯಾಕ್ಟರಿನ ಮೇಲೆ ಬೀಳುವಳು. “ಇವತ್ತ ಆಕಿ ಅವ್ವನ್ನ ಭೇಟಿ ಮಾಡಸs” ಎಂದು ಯಾರಾದರೂ ಬೇಡಿಕೆ ಇಟ್ಟರೆ ಚಂದ್ರವ್ವನ ಅವ್ವನೂ ಬರುವಳು. ಕರೆಂಟು ಹೋದರಂತೂ ಇನ್ನೂ ಚೆನ್ನ. ಚಿತ್ರದ ಅಡ್ಡಿಯಿಲ್ಲದೆ ಕಥೆ ಸರಾಗವಾಗಿ ಓಡುತ್ತಿತ್ತು. ನನ್ನ ಜೀವನದಲ್ಲಿ ಅಷ್ಟು ಸುಖದ ಮಧ್ಯಾಹ್ನಗಳು ಮತ್ತೆ ಬರಲಿಲ್ಲ.

ಆರು ವರ್ಷ ಹೀಗೇ ನಡೆಯಿತು. ವೈನಿಗೆ ಮಕ್ಕಳಾಗಲಿಲ್ಲ. ಅಣ್ಣನ ಮನಸ್ಸು ಇನ್ನೊಂದು ಸಂಬಂಧದ ಕಡೆ ವಾಲಿತು. ಒಂದು ಬೆಳಿಗ್ಗೆ ಅದೇ ಪಡಸಾಲೆಯಲ್ಲಿ ನಾಲ್ಕು ಜನ ಹಿರಿಯರು ಕೂತರು. ಅವ್ವ ಬೀಡಿ ಕೊಡಲು ಹೋಗಿದ್ದಳು; ಅಣ್ಣ ಆ ಹೊತ್ತನ್ನೇ ಆರಿಸಿದ್ದನೋ ಏನೋ. “ನಾ ಏನ್ ಹೊರಗ್ ಹಾಕಾಕತ್ತಿಲ್ರಿ, ಆಕೀನs ತವರಿಗಿ ಹೋಗ್ತೀನಿ ಅಂದಾಳ” ಎಂದ. ಹಿರಿಯರಲ್ಲಿ ಒಬ್ಬರು ನನ್ನ ಕಡೆ ತಿರುಗಿ, “ಏನವಾ, ದಿನಾ ಆಕಿ ಸಂಗಾಟ ಇರಾಕಿ ನೀ. ಹಂಗ ಅಂದಾಳೇನು?” ಎಂದು ಕೇಳಿದರು.

ವೈನಿ ಹಾಗೆ ಅಂದಿರಲಿಲ್ಲ. ಹಿಂದಿನ ದಿನವಷ್ಟೇ ಅವಳು ನನ್ನ ಹತ್ತಿರ, ಏನಾದರೂ ಆಗಲಿ ಈ ಮನೆ ಬಿಡುವುದಿಲ್ಲ ಎಂದಿದ್ದಳು. ನನಗೆ ಅದು ಗೊತ್ತಿತ್ತು, ಅಣ್ಣನಿಗೂ ನನಗೆ ಗೊತ್ತಿರುವುದು ಗೊತ್ತಿತ್ತು. ಆದರೆ ನನ್ನ ಓದಿನ ಫೀ ಕಟ್ಟಿದವನು ಅವನು, ನನಗೆ ಗಂಡು ನೋಡುತ್ತಿದ್ದವನೂ ಅವನೇ. ನಾನು ತಲೆ ತಗ್ಗಿಸಿ ಕಾಲಬೆರಳು ನೋಡುತ್ತ ನಿಂತೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಅದು ಯಾರ ಕೊರಳಿನ ಬಂಗಾರವೆಂದು ಮಾತ್ರ ಯಾರೂ ಹೇಳುವುದಿಲ್ಲ. ನನ್ನ ಮೌನವನ್ನು ಅವರು ಹೌದೆಂದು ತಿಳಿದರು. ತಿರುಗಿ ಬಂದ ಅವ್ವನಿಗೂ ಹಾಗೆಂದೇ ಹೇಳಿದರು. ಎರಡು ದಿನದ ಮೇಲೆ ವೈನಿ ಟ್ರಂಕು ಹಿಡಿದು ಅಥಣಿ ಬಸ್ಸು ಹತ್ತಿದಳು. ವಿಸಿಡಿ ಪ್ಲೇಯರ್ ನಮ್ಮಲ್ಲೇ ಉಳಿಯಿತು, ಯಾರೂ ಅದಕ್ಕೆ ವಯರು ಚುಚ್ಚಲಿಲ್ಲ. ಅವಳ ಹೆಸರು ಹೇಳುವುದೂ ಮನೆಯಲ್ಲಿ ನಿಂತುಹೋಯಿತು.

ಆಮೇಲೆ ನನ್ನ ಮದುವೆ, ಹಾರೂಗೇರಿಯಲ್ಲಿ ಶಾಲೆಯ ನೌಕರಿ, ಮಕ್ಕಳು. ಹನ್ನೊಂದು ವರ್ಷ ಕಳೆದ ಮೇಲೆ, ಒಮ್ಮೆ ತವರಿಗೆ ಹೋದಾಗ, ನಿಪ್ಪಾಣಿಯ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿಯಾಗಿ ಬದಲಾಗುತ್ತಿದ್ದ ಒಂದು ಸಿಡಿ ಅಂಗಡಿಯ ಬಾಗಿಲಲ್ಲಿ ಡಬ್ಬಿ ತುಂಬ ಡಿವಿಡಿ ಇಟ್ಟಿದ್ದರು. ಮೇಲೇ ಇತ್ತು ನಮ್ಮ ಸಿನಿಮಾ! ಹೆಸರು ಅದೇ, ಹುಡುಗಿಯರು ಬೇರೆ. ಹಳೆಯದನ್ನು ಈಗಿನ ಕಾಲಕ್ಕೆ ಹೊಸದಾಗಿ ತೆಗೆದಿದ್ದರು. ಕೊಂಡ ಸಡಗರದಲ್ಲಿ ಚಿಲ್ಲರೆ ಇಸಿದುಕೊಳ್ಳುವುದನ್ನೂ ಮರೆತು ಬಸ್ಸು ಹತ್ತಿದೆ.

ಮರುದಿನ ರವಿವಾರ. ಮನೆಯಲ್ಲಿ ಒಬ್ಬಳೇ ಕೂತು, ಈ ಸಲ ಕಣ್ಣುಬಿಟ್ಟು, ಹಿಂದಿಯಲ್ಲಿ ಪೂರ್ತಿ ನೋಡಿದೆ. ಉಪ್ಪಿಲ್ಲದ ಸಾರು. ಈ ಹುಡುಗಿಯರು ಮೂರನೆಯ ಮಹಡಿಯಿಂದ ಬಿದ್ದರೂ ಕೂದಲು ಕೆದರುವುದಿಲ್ಲ. ಇವರ ಗುರಿ ತಪ್ಪುವುದಿಲ್ಲ, ಇವರಿಗೆ ಏದುಸಿರಿಲ್ಲ, ಹಸಿವಿಲ್ಲ. ಒಬ್ಬನನ್ನು ಒದ್ದರೆ ಕೂಡಲೇ ನಿಂತು, ಹೆಣ್ಣು ಏನು ಬೇಕಾದರೂ ಮಾಡಬಲ್ಲಳು ಎಂದು ಭಾಷಣ ಮಾಡುತ್ತಾರೆ. ನಮ್ಮ ಶಾಲೆಯ ಮಹಿಳಾ ದಿನಾಚರಣೆಯಲ್ಲೂ ಅಷ್ಟು ಸಲ ಆ ಮಾತು ಬರುವುದಿಲ್ಲ. ಎಲ್ಲವನ್ನೂ ಅವರೇ ಹೇಳಿ ಮುಗಿಸುವುದರಿಂದ ನೋಡುವವರಿಗೆ ಹೇಳಲು ಏನೂ ಉಳಿಯುವುದಿಲ್ಲ. ತಟ್ಟೆಗೆ ಒಂದು ಗೀರೂ ಇಲ್ಲ. ಕೊನೆಯವರೆಗೂ ನಿಲ್ಲದೆ ಓಡಿತು.

ಮುಗಿದ ಮೇಲೆ ಬೈಯುತ್ತ ಕೂತೆ. ಬೈಯುತ್ತಲೇ ಒಂದು ಮಾತು ಮನಸ್ಸಿಗೆ ಚುಚ್ಚಿತು. ಈ ಹುಡುಗಿಯರು ಯಾರೂ ಕೇಳದಿದ್ದರೂ ಇಷ್ಟು ಮಾತಾಡುತ್ತಾರೆ. ನನ್ನನ್ನು ಹಿರಿಯರು ಎದುರಿಗೆ ನಿಲ್ಲಿಸಿ ಕೇಳಿದ್ದರು. ಇವರನ್ನು ಬಾಯಿಬಡುಕಿಯರೆನ್ನಲು ನಾನ್ಯಾರು? ವೈನಿ ಬೇಕು ಅನ್ನಿಸಿತು, ಬಹಳ ಬೇಕು ಅನ್ನಿಸಿತು.

ಅವಳು ಎಲ್ಲಿದ್ದಾಳೆಂದು ನನಗೆ ಎರಡು ವರ್ಷದಿಂದ ಗೊತ್ತಿತ್ತು. ನಮ್ಮ ಶಾಲೆಗೆ ಉಗಾರ ಖುರ್ದದಿಂದ ಬರುವ ಸಹೋದ್ಯೋಗಿಯೊಬ್ಬಳು, ಸಕ್ಕರೆ ಕಾರ್ಖಾನೆಯ ಹತ್ತಿರ ಹೊಲಿಗೆ ಕಲಿಸುವ ಶೋಭಾ ಎನ್ನುವವಳು ಕಥೆ ಹೇಳುತ್ತಲೇ ರವಿಕೆ ಹೊಲಿಯುತ್ತಾಳೆ ಎಂದು ಹೊಗಳಿದ್ದಳು. ವಿಚಾರಿಸಿದರೆ ಅಥಣಿ ಕಡೆಯವಳೆಂದೂ, ಒಬ್ಬಳೇ ಇರುತ್ತಾಳೆಂದೂ ತಿಳಿಯಿತು. ಗೊತ್ತಿದ್ದೂ ಹೋಗಿರಲಿಲ್ಲ. ಈಗ ಕೈಯಲ್ಲಿ ಡಿವಿಡಿಯ ನೆವ ಇತ್ತು. ಮುಂದಿನ ರವಿವಾರ ಅದನ್ನು ಚೀಲದಲ್ಲಿಟ್ಟುಕೊಂಡು ಹೊರಟೆ. ಬಾಗಿಲು ತೆರೆದು ನನ್ನ ಮುಖ ನೋಡಿ ಮುಚ್ಚಿಬಿಟ್ಟರೆ? ಬಸ್ಸಿನುದ್ದಕ್ಕೂ ಅದೊಂದೇ ಚಿಂತೆ.

ಬಾಗಿಲು ತೆರೆದೇ ಇತ್ತು. ಕನ್ನಡಕ ಹಾಕಿ, ಮಿಷನ್ನಿನ ಮೇಲೆ ಬಾಗಿದ್ದ ವೈನಿ ತಲೆಯೆತ್ತಿ ಸ್ವಲ್ಪ ಹೊತ್ತು ನೋಡಿದಳು. “ಸುಮಿ ಹೌದಲ್ಲೇನs? ಬಾ, ಒಳಗ ಬಾ. ದಪ್ಪ ಆಗೀದಿ” ಎಂದಳು. ನಾನು ಡಿವಿಡಿ ಮುಂದೆ ಹಿಡಿದೆ. ಅವಳು ಹೊದಿಕೆಯ ಚಿತ್ರ ನೋಡಿ ನಕ್ಕು, ಟೀವಿಗೆ ಹಾಕಿ, ಮತ್ತೆ ಹೊಲಿಗೆಗೆ ಬಾಗಿದಳು. ಸ್ವಲ್ಪ ಹೊತ್ತಿಗೆ, “ಏನ್ ನಡದೈತಿ ಹೇಳಲೇ, ನನ್ನ ಕಣ್ಣ ಇಲ್ಲಿ ಐತಿ” ಎಂದಳು. ನಾನು, ಇಬ್ಬರು ಬಂದರು, ಕಾರು ಹತ್ತಿದರು, ಹೋದರು ಎಂದು ಹಾಜರಿ ಕೂಗಿದ ಹಾಗೆ ಹೇಳಿದೆ. “ಹಿಂಗ ಹೇಳಿದ್ರ ಸಾಲ್ಯಾಗ ಹುಡುಗೂರು ನಿದ್ದಿ ಮಾಡ್ತಾವೇನ ಬೇ?” ಎಂದು ವೈನಿ ನಕ್ಕಳು. ಆ ನಗು ಕೇಳಿ ನನ್ನ ಕಟ್ಟೆ ಒಡೆಯಿತು.

“ವೈನಿ, ಅವತ್ತ ಹಿರ್ಯಾರು ಕೇಳಿದಾಗ... ನೀವು ಹಂಗ ಅಂದಿರಲಿಲ್ಲ ಅಂತ ನನಗ ಗೊತ್ತಿತ್ರಿ. ನಾ ಹೇಳಲಿಲ್ಲ.”

ಮಿಷನ್ನು ನಿಂತಿತು. ಟೀವಿಯಲ್ಲಿ ಹುಡುಗಿಯರು ಏನೋ ಸಾರುತ್ತಲೇ ಇದ್ದರು. “ಗೊತ್ತೈತಿ” ಎಂದಳು ವೈನಿ. “ನಾ ಅಡಗಿಮನಿ ಬಾಗಲಾಗs ನಿಂತಿದ್ದೆ. ನೀ ಬಾಯಿ ತೆರೀತಿ ಅಂತ ಭಾಳ ಹೊತ್ತ ಕಾದೆ.”

ನಾನು ಅಳತೊಡಗಿದೆ. ಅವಳು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಹೊಲಿಗೆಯ ದಾರ ಕತ್ತರಿಸಿ, ನಿಧಾನವಾಗಿ ಹೇಳಿದಳು: “ನೀ ಹೇಳಿದ್ರೂ ಅವರು ಕೇಳ್ತಿರಲಿಲ್ಲ ಬಿಡು, ಎಲ್ಲಾ ಮೊದಲs ಠರಾವ ಆಗಿತ್ತು. ಆದ್ರ ನಾ ಕೇಳ್ತಿದ್ನಲ್ಲs.” ಆಮೇಲೆ ಎದ್ದು ಚಹಕ್ಕಿಟ್ಟಳು. ಸಿನಿಮಾ ಅರ್ಧಕ್ಕೇ ನಿಂತಿತು, ಇಬ್ಬರಿಗೂ ಮುಂದಿನದು ಬೇಕಾಗಲಿಲ್ಲ.

ದೀಪಾವಳಿಗೆ ನಿಪ್ಪಾಣಿಗೆ ಹೋದೆ. ಅಣ್ಣ, ಅವನ ಈಗಿನ ಹೆಂಡತಿ, ಅವ್ವ ಎಲ್ಲರೂ ಫರಾಳ ತಿನ್ನುತ್ತ ಕೂತಿದ್ದರು. ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ನಾನೇ ಚಕ್ಕುಲಿ ಕೆಳಗಿಟ್ಟು, “ಶೋಭಾ ವೈನಿ ತಾನಾಗಿ ಹೋಗ್ತೀನಿ ಅಂದಿರಲಿಲ್ಲ. ಅಣ್ಣ ಸುಳ್ಳ ಹೇಳ್ದ, ನಾ ಸುಮ್ನ ನಿಂತೆ” ಎಂದೆ. ಸಿನಿಮಾದಲ್ಲಾಗಿದ್ದರೆ ಇಂಥ ಮಾತಿಗೆ ಸಂಗೀತ ಏಳುತ್ತಿತ್ತು. ಇಲ್ಲಿ ಅಣ್ಣ ಪೇಪರಿನ ಪುಟ ತಿರುವಿದ. ಅವನ ಹೆಂಡತಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ವೈನಿ ಹೇಳಿದ್ದು ಖರೆ, ಯಾರೂ ಕೇಳಲಿಲ್ಲ ಎಂದುಕೊಂಡು ನಾನೂ ಏಳುವುದರಲ್ಲಿದ್ದೆ.

ಆಗ ಮೂಲೆಯಿಂದ ಅವ್ವ, ಮಗನ ಕಡೆ ನೋಡದೆ, ನನ್ನನ್ನು ಕೇಳಿದಳು: “ಉಗಾರಕ್ಕ ಮೊದಲನೇ ಬಸ್ ಎಷ್ಟ್ ಹೊತ್ತಿಗಿ ಐತಿ?”

ವೈನಿ ಉಗಾರದಲ್ಲಿದ್ದಾಳೆಂದು ನಾನು ಹೇಳಿರಲೇ ಇಲ್ಲ.