ಬಸ್ಸು ಗೆದ್ದ ಮನೆ

ಹೆಂಡತಿಯ ತಂಗಿಗೆ ಹೆರಿಗೆಯಾಗಿತ್ತು. ಬಾಣಂತನಕ್ಕೆ ಮನೆಯಲ್ಲಿ ಇನ್ನೊಬ್ಬರು ಬೇಕೆಂದು ಹೆಂಡತಿ ಮೊದಲೇ ಆನೆಗೊಂದಿಯ ತವರಿಗೆ ಹೋಗಿದ್ದಳು. ದಸರಾ ರಜೆ ಶುರುವಾದ ಕೂಡಲೇ ಮಕ್ಕಳಿಬ್ಬರನ್ನೂ ಅಲ್ಲಿಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಕುಷ್ಟಗಿಯಲ್ಲಿ ನಾನು ಬಡಿಗತನ ಮಾಡುತ್ತೇನೆ. ಸಾಗವಾನಿ ಬಾಗಿಲನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಒಂದು ಗೀರೂ ಬೀಳದಂತೆ ಯಲಬುರ್ಗಾಕ್ಕೆ ಮುಟ್ಟಿಸಿದವನು. ಆದರೆ ಇಬ್ಬರು ಮಕ್ಕಳನ್ನು ಒಬ್ಬನೇ ಬಸ್ಸಿನಲ್ಲಿ ಕರೆದೊಯ್ದವನಲ್ಲ. ಅವರು ಏಳುವ ಮೊದಲೇ ಕೆಲಸಕ್ಕೆ ಹೋಗಿ, ಅವರು ಉಂಡ ಮೇಲೆ ಮನೆಗೆ ಬರುವ ಅಪ್ಪ ನಾನು.

"ಮೊಬೈಲ್ ಮಾತ್ರ ಕೈಯಾಗ ಕೊಡಬ್ಯಾಡ್ರಿ," ಎಂದು ಹೆಂಡತಿ ಫೋನಿನಲ್ಲಿ ಎಚ್ಚರಿಸಿದಳು. "ಅದನ್ನ ನೋಡ್ಕೋಂತ ಕುಂತ್ಲಂದ್ರ ದೊಡ್ಡಾಕೀಗಿ ಹೊಟ್ಟಿ ತೊಳಸ್ತೈತಿ. ಸಣ್ಣಾವ ಕಸ್ಕೊಳ್ಳಾಕ ಹೋಗ್ತಾನ. ಇಡೀ ಬಸ್ಸಿಗೆ ಕೇಳೂವಂಗ ಜಗಳ ಆಕ್ಕೈತಿ."

"ಮತ್ತ ಅಲ್ಲೀತನಕ ನಾ ಏನ್ ಮಾಡ್ಲಿ?"

"ಅವರಪ್ಪ ಅದೀರಿಲ್ಲ? ಮಾತಾಡ್ಸ್ರಿ," ಎಂದು ಫೋನ್ ಇಟ್ಟಳು.

ಮಾತಾಡಿಸಿದೆ. ತಾವರಗೇರಾ ಮೇಲೆ ಗಂಗಾವತಿಗೆ ಹೋಗುವ ಬಸ್ಸಿನಲ್ಲಿ ಮೂರು ಜನರ ಸೀಟು ಸಿಕ್ಕಿತ್ತು. ನಾಲ್ಕನೆಯ ತರಗತಿಯ ಮಗಳು ಕಿಟಕಿಗೆ, ಒಂದನೆಯ ತರಗತಿಯ ಮಗ ನಡುವೆ, ನಾನು ಇತ್ತ ತುದಿಗೆ. ನನ್ನ ತೊಡೆಯ ಮೇಲೆ ಅವ್ವ ಬಾಣಂತಿಗೆಂದು ಕಟ್ಟಿಕೊಟ್ಟ ಅಂಟಿನ ಉಂಡೆಯ ಸ್ಟೀಲ್ ಡಬ್ಬಿ.

"ಸಾಲಿ ಹೆಂಗ ನಡದೈತಿ?" ಎಂದೆ.

"ಛಲೋ," ಎಂದಳು ಮಗಳು.

"ಹೊಟ್ಟಿ ತುಂಬ ಉಂಡೀರಿಲ್ಲ?"

"ನೀನ ನೀಡಿದ್ಯಲ್ಲ ಅಪ್ಪಾ!" ಎಂದ ಮಗ.

ಊರು ದಾಟುವ ಮೊದಲೇ ನನ್ನ ಹತ್ತಿರ ಮಾತು ಮುಗಿದಿತ್ತು. ಮಗನ ಕೈ ಮೆಲ್ಲಗೆ ಮೊಬೈಲ್ ಇದ್ದ ನನ್ನ ಕಿಸೆಯ ಕಡೆ ಹರಿದುಬರತೊಡಗಿತು. ಏನು ಮಾಡಲೆಂದು ತಲೆ ಕೆರೆದುಕೊಳ್ಳಲು ಹೋದೆ, ಕೈಗೆ ಪೆನ್ಸಿಲ್ ತಾಗಿತು. ಊರಿಗೆ ಹೊರಟ ದಿನವೂ ಅದನ್ನು ಕಿವಿಯ ಮೇಲೆ ಸಿಗಿಸಿಕೊಂಡೇ ಬಂದಿದ್ದೆ. ನಮ್ಮ ಕೆಲಸದ ಪೆನ್ಸಿಲ್ ಚಪ್ಪಟೆ ಇರುತ್ತದೆ, ಬಸ್ಸು ಎಷ್ಟು ಕುಲುಕಿದರೂ ಉರುಳಿಹೋಗುವುದಿಲ್ಲ. ಹಾಳೆಗೂ ಬರವಿರಲಿಲ್ಲ. ಬಸ್ ನಿಲ್ದಾಣದಲ್ಲಿ ಹೊಸ ಸೀರೆ ಅಂಗಡಿಯ ಜಾಹೀರಾತು ಹಂಚುತ್ತಿದ್ದರು. ಒಂದು ಬದಿ ಮಾತ್ರ ಅಚ್ಚಾದ ಆ ಗುಲಾಬಿ ಹಾಳೆಗಳನ್ನು ನನ್ನ ಮಗ, ಕೊಟ್ಟವರು ಸಾಕಾಗಿ ಕೈಮುಗಿಯುವವರೆಗೂ ಮತ್ತೆ ಮತ್ತೆ ಹೋಗಿ ಇಸಿದುಕೊಂಡು ಬಂದಿದ್ದ.

ಡಬ್ಬಿಯ ಮುಚ್ಚಳದ ಮೇಲೆ ಹಾಳೆ ಇಟ್ಟು ಸಾಲಾಗಿ ಚುಕ್ಕಿ ಇಟ್ಟೆ. ಚುಕ್ಕಿಯಿಂದ ಚುಕ್ಕಿಗೆ ಸರದಿಯಂತೆ ಒಬ್ಬೊಬ್ಬರು ಒಂದೊಂದು ಗೆರೆ ಎಳೆಯಬೇಕು. ನಾಲ್ಕನೆಯ ಗೆರೆ ಎಳೆದು ಚೌಕ ಮುಚ್ಚಿದವರಿಗೆ ಆ ಮನೆ. ಅದರೊಳಗೆ ತಮ್ಮ ಅಕ್ಷರ ಬರೆದುಕೊಂಡು ಇನ್ನೊಂದು ಗೆರೆ ಎಳೆಯಬಹುದು. ನಾನು ಸಣ್ಣವನಿದ್ದಾಗ ಸಾಲೆಯ ಹಿಂದಿನ ಬೆಂಚಿನಲ್ಲಿ ಇದನ್ನು ಆಡಿ ಪೆಟ್ಟು ತಿಂದದ್ದುಂಟು.

ಆಟವೇನೋ ಛಲೋ ಶುರುವಾಯಿತು. ಆದರೆ ಮಗಳು ಗೆರೆ ಎಳೆಯುವಾಗಲೇ ಬಸ್ಸು ಒಂದು ಗುಂಡಿಗೆ ಇಳಿದು ಹತ್ತಿತು. ಪೆನ್ಸಿಲ್ ಹಾರಿ, ಮಗ ಮುಚ್ಚಬೇಕೆಂದು ಕಾದಿದ್ದ ಚೌಕದ ಮೇಲೆ ಹೋಗಿ ಅದನ್ನು ಮುಚ್ಚಿಬಿಟ್ಟಿತು.

"ನಂದ ಮನಿ ಅದು! ಅಕ್ಕ ಕದ್ಲು!"

"ನಾ ಎಳದಿಲ್ಲಪಾ. ಬಸ್ಸು ಎಳೀತು."

"ಬಸ್ಸಿಗೇನ್ ಕೈ ಅದಾವನು?"

ಇಬ್ಬರೂ ನನ್ನ ಮುಖ ನೋಡಿದರು. ಇಂಥ ನ್ಯಾಯ ನಾನು ಎಂದೂ ಮಾಡಿದವನಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. "ಬಸ್ಸು ಎಳೆದ ಗೆರಿ ಬಸ್ಸಿಂದು. ಆ ಮನೀನೂ ಬಸ್ಸಿಂದು."

ಆಮೇಲೆ ಮಗಳು ತಾನೇ ಆ ಚೌಕದಲ್ಲಿ ದೊಡ್ಡದಾಗಿ 'ಬ' ಎಂದು ಬರೆದಳು. ಅಲ್ಲಿಂದ ಆಟದ ರೀತಿಯೇ ಬದಲಾಯಿತು. ಮುಂದೆ ಗುಂಡಿ ಬರುವ ಹೊತ್ತಿಗೆ ಸರಿಯಾಗಿ ಪೆನ್ಸಿಲನ್ನು ಎದುರಾಳಿಯ ಕೈಗೆ ತುರುಕುವುದೇ ದೊಡ್ಡ ಉಪಾಯವಾಯಿತು. ಮಗ ಸೀಟಿನ ಮೇಲೆ ನಿಂತು ಡ್ರೈವರನ ತಲೆಯಾಚೆ ರಸ್ತೆ ನೋಡಿ ಗುಂಡಿಗಳ ಸುದ್ದಿ ಕೊಡುತ್ತಿದ್ದ. ಕಂಡಕ್ಟರ್ ಬಂದಾಗ ಟಿಕೆಟ್ ಕೇಳುವ ಮೊದಲೇ ಅವನು ಹಾಳೆ ತೋರಿಸಿದ. "ನಿಮ್ಮ ಬಸ್ಸು ಒಂದು ಮನಿ ಗೆದ್ದೈತ್ರಿ!"

ಕಂಡಕ್ಟರ್ ಹಾಳೆಯನ್ನು ಹಿಡಿದು ನೋಡಿದರು. "ಬಸ್ಸಿಗೆ ಸ್ವಂತ ಮನಿ ಆತು ನೋಡು. ನಾ ಇನ್ನೂ ಬಾಡಗಿ ಮನ್ಯಾಗ ಅದೀನಿ," ಎಂದು ನಕ್ಕು ಟಿಕೆಟ್ ಹರಿದುಕೊಟ್ಟರು.

ತಾವರಗೇರಾದಲ್ಲಿ ಸಂತೆಯ ಗದ್ದಲವೆಲ್ಲ ಬಸ್ಸಿಗೇ ಹತ್ತಿತು. ತಲೆಯ ಮೇಲೆ ಸೆರಗು ಹೊದ್ದ ಒಬ್ಬ ಮುಸ್ಲಿಂ ಅಜ್ಜಿ ಹಳೆ ಸೀರೆ ಹೊಲಿದ ಕೌದಿಯ ಗಂಟು ಹಿಡಿದು ನಮ್ಮ ಸೀಟಿನ ಪಕ್ಕ ನಿಂತರು. ಮಗನನ್ನು ತೊಡೆಗೇರಿಸಿಕೊಂಡು ಜಾಗ ಮಾಡಿಕೊಟ್ಟೆ. ಅತ್ತ ಕಡೆಯ ಸೀಟಿಗೆ ಖಾಕಿ ಬಟ್ಟೆಯ ಪೊಲೀಸರೊಬ್ಬರು ಬಂದು ಕುಳಿತರು. ದಪ್ಪ ಮೀಸೆ. ಕುಳಿತವರೇ ಕಣ್ಣು ಮುಚ್ಚಿದರು. ಮಕ್ಕಳ ದನಿ ತಾನಾಗಿಯೇ ಇಳಿಯಿತು.

ಬಸ್ಸು ಹೊರಟು ಸ್ವಲ್ಪ ಹೊತ್ತಿಗೆ ಮಗಳು ಪೆನ್ಸಿಲ್ ಕೆಳಗಿಟ್ಟಳು. ಮುಖ ಬಿಳಿಚಿಕೊಂಡಿತ್ತು. "ಅಪ್ಪಾ, ಹೊಟ್ಟಿ ತೊಳಸಾಕತ್ತೈತಿ."

ಹೆಂಡತಿ ಮೊಬೈಲ್ ಬೇಡವೆಂದಿದ್ದಳು ನಿಜ, ಆದರೆ ಹಾಳೆ ನೋಡಿದರೂ ಹೀಗಾಗುತ್ತದೆಂದು ಯಾರಿಗೆ ಗೊತ್ತಿತ್ತು? ಅಜ್ಜಿ ಗಂಟು ಬಿಚ್ಚಿ ಒಂದು ನಿಂಬೆಹಣ್ಣು ತೆಗೆದು, ಉಗುರಿನಿಂದ ಗೀರಿ ಮಗಳ ಮೂಗಿಗೆ ಹಿಡಿದರು.

"ತೆಳಗ ನೋಡಬ್ಯಾಡ ಬೇಟಾ. ಹೊರಗ ನೋಡು, ದೂರ ನೋಡು."

ಗಾಳಿ ಬಡಿದು ಮಗಳು ಚೇತರಿಸಿಕೊಂಡಳು. ಆದರೆ ಆಟ ನಿಂತಿತಲ್ಲ ಎಂದು ಮಗ ಪೆನ್ಸಿಲನ್ನು ಡಬ್ಬಿಗೆ ಕುಟ್ಟತೊಡಗಿದ. ಆಗ ಮಗಳೇ ಒಂದು ದಾರಿ ಹುಡುಕಿದಳು. "ನಾ ಹೊರಗ ನೋಡಿ ಹೇಳ್ತೀನಿ. ಹೆಸರು ಹೇಳಂಗಿಲ್ಲ. ನೀ ಕೇಳಿ ಚಿತ್ರ ಬರಿ. ಅಪ್ಪ, ಅಜ್ಜಿ ಅದೇನಂತ ಗುರುತು ಹಿಡೀಬೇಕು."

ಮೊದಲು ಅವಳು ಹೇಳಿದ್ದು ಹೀಗೆ. "ನಾಕು ಕಾಲು ಅದಾವು. ಮೈ ದೊಡ್ಡದು, ಕರ್ರಗೈತಿ. ಬೆನ್ನ ಮ್ಯಾಲ ಬೆಳ್ಳಂದೊಂದು ಕುಂತೈತಿ, ಅದಕ್ಕ ಕೊಕ್ಕು ಐತಿ."

ಮಗ ನಾಲಿಗೆ ಹೊರಚಾಚಿ ಬಹಳ ಹೊತ್ತು ಬರೆದ. ನಾನು ನೋಡಿದೆ, ತಿಳಿಯಲಿಲ್ಲ. ಅಜ್ಜಿ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಮಂಚದ ಮ್ಯಾಲ ಕೋಳಿ!"

"ಎಮ್ಮೀರಿ! ಎಮ್ಮಿ ಮ್ಯಾಲ ಕೊಕ್ಕರಿ!" ಎಂದು ಮಗಳು ಹೊಟ್ಟೆ ಹಿಡಿದು ನಕ್ಕಳು. ಹೊಟ್ಟೆ ತೊಳಸುವುದು ಎಲ್ಲಿಗೆ ಹೋಯಿತೋ.

ಎರಡನೆಯದು ಇನ್ನೂ ಕಷ್ಟದ್ದು. "ಭಾಳ ಎತ್ತರ ಐತಿ. ಒಂಟಿ ಕಾಲಿಲೆ ನಿಂತೈತಿ. ಮೂರು ಕೈ ಅದಾವು, ಸುಮ್ನ ತಿರುಗಸ್ಕೋಂತ ನಿಂತೈತಿ."

ಮಗ ಒಂಟಿ ಕಾಲಿನ, ಮೂರು ಕೈಯ, ಸಿಟ್ಟಿನ ಮುಖದ ಒಬ್ಬ ಮನುಷ್ಯನನ್ನು ಬರೆದ. ಅಜ್ಜಿ ಹೆದರಿದಂತೆ ಮಾಡಿದರು. ನಾನೂ ಸೋತೆ. ಅಷ್ಟರಲ್ಲಿ ಅತ್ತ ಕಡೆಯಿಂದ ಗಡಸು ದನಿ ಬಂತು. "ಕರೆಂಟ್ ಮಾಡೂ ಗಾಳಿ ಫ್ಯಾನ್ ಅಲ್ಲೇನದು, ಗುಡ್ಡದ ಮ್ಯಾಲಿಂದು?"

ಪೊಲೀಸರು ಒಂದೇ ಕಣ್ಣು ತೆರೆದಿದ್ದರು. ಎಷ್ಟು ಹೊತ್ತಿನಿಂದ ಆಟ ಕೇಳುತ್ತಿದ್ದರೋ. ಮಗಳು ಹೌದೆಂದು ಚಪ್ಪಾಳೆ ತಟ್ಟಿದ ಮೇಲೆ ಎರಡನೆಯ ಕಣ್ಣೂ ತೆರೆಯಿತು.

ಕನಕಗಿರಿ ಇನ್ನೂ ದೂರವಿರುವಾಗಲೇ ಬಸ್ಸಿನ ಹಿಂದಿನ ಗಾಲಿ ಢಬ್ ಎಂದಿತು. ಎಲ್ಲರೂ ಇಳಿದೆವು. ಡ್ರೈವರ್, ಕಂಡಕ್ಟರ್ ಗಾಲಿ ಬಿಚ್ಚುತ್ತಿರುವಾಗ ಉಳಿದವರು ರಸ್ತೆ ಬದಿಯ ಬೇವಿನ ಮರದ ಕೆಳಗೆ ಸೇರಿದರು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಇರಲಿಲ್ಲ. ನೆಲ ಕುಲುಕುವುದಿಲ್ಲವಲ್ಲ, ಚೀಟಿ ಆಟ ಆಡಬಹುದು. ರಾಜ, ರಾಣಿ, ಪೊಲೀಸ್, ಕಳ್ಳ ಎಂದು ನಾಲ್ಕು ಚೀಟಿ. ಮಡಚಿ ಎಸೆದಾಗ ಒಬ್ಬೊಬ್ಬರು ಒಂದೊಂದು ಎತ್ತಿಕೊಳ್ಳಬೇಕು. ಪೊಲೀಸ್ ಬಂದವರು ಮಾತ್ರ ತೋರಿಸಿಕೊಂಡು, ಉಳಿದ ಮೂವರ ಮುಖ ನೋಡಿ ಕಳ್ಳ ಯಾರೆಂದು ಹೇಳಬೇಕು.

"ನನಗ ಓದಾಕ ಬರಂಗಿಲ್ಲ ಬೇಟಾ," ಎಂದರು ಅಜ್ಜಿ.

"ಚಿತ್ರ ಬರೀತೀನ್ರಿ," ಎಂದ ಮಗ. ರಾಜನಿಗೆ ಕಿರೀಟ, ರಾಣಿಗೆ ಮೂಗುತಿ, ಪೊಲೀಸಿಗೆ ಲಾಠಿ. ಕಳ್ಳನಿಗೆ ಒಂದು ದಪ್ಪ ಮೀಸೆ.

"ಕಳ್ಳಗ ಮೀಸಿ ಯಾಕೋ?" ಎಂದರು ಪೊಲೀಸರು, ತಮ್ಮ ಮೀಸೆ ಮುಟ್ಟಿಕೊಳ್ಳುತ್ತ.

"ಕಳ್ಳಂದು ಹಂಗ ಇರ್ತೈತ್ರಿ," ಎಂದ ಅವನು, ಅವರ ಮುಖವನ್ನೇ ನೋಡುತ್ತ. ನಾನು ತಲೆ ತಗ್ಗಿಸಿದೆ.

ಮಕ್ಕಳಿಬ್ಬರು, ಅಜ್ಜಿ, ಅವರ ಪಕ್ಕ ಚಕ್ಕಳಮಕ್ಕಳ ಹಾಕಿ ಕುಳಿತ ಪೊಲೀಸರು. ನಾನು ಚೀಟಿ ಎಸೆಯುವವನು. ಮೊದಲ ಸುತ್ತಿನಲ್ಲಿ ಅಜ್ಜಿ ಚೀಟಿ ಬಿಚ್ಚಿ ಲಾಠಿ ಕಂಡವರೇ ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡರು. ಮಗಳನ್ನು ನೋಡಿದರು, ಮಗನನ್ನು ನೋಡಿದರು. ಪೊಲೀಸರು ಮೋಡ ನೋಡುತ್ತಿದ್ದರು.

"ಏಳಪಾ ಸಾಹೇಬಾ," ಎಂದರು ಅಜ್ಜಿ. "ನಡಿ ಠಾಣೆಗೆ."

ಸುತ್ತ ನಿಂತಿದ್ದ ಜನ ಹೋ ಎಂದರು. ಪೊಲೀಸರು ಮೀಸೆಯ ಚೀಟಿಯನ್ನು ನೆಲಕ್ಕೆ ಹಾಕಿದರು. "ನಾ ಅಂತ ಹೆಂಗ ಗೊತ್ತಾತಮ್ಮಾ ನಿಮಗ?"

"ಚೀಟಿ ಬಿಚ್ಚಿದ ಕೂಡ್ಲೇ ಕಿವಿ ಕೆಂಪಗಾದುವಲ್ಲ!"

ಎರಡನೆಯ ಸುತ್ತು ಎಸೆದೆ. ಎಲ್ಲರೂ ಚೀಟಿ ಎತ್ತಿಕೊಂಡು ಬಿಚ್ಚಿದರು. ಮಗ ಮಾತ್ರ ತನ್ನದನ್ನು ಬಿಚ್ಚಿದ ಕೂಡಲೇ ಖುಷಿ ತಡೆಯಲಾರದೆ "ನಾ ರಾಜಾ!" ಎಂದು ಕೂಗಿ ಎರಡೂ ಕೈ ಮೇಲೆತ್ತಿದ. ಅದೇ ಹೊತ್ತಿಗೆ ಗಾಳಿ ಬೀಸಿತು. ಚೀಟಿ ಅವನ ಬೆರಳಿನಿಂದ ಜಾರಿ ಹಾರಿತು. ರಸ್ತೆಯ ಆಚೆ ಒಬ್ಬಾತ ಆಡು ಕಾಯುತ್ತಿದ್ದ. ಚೀಟಿ ಹೋಗಿ ಒಂದು ಕಂದು ಆಡಿನ ಮುಂದೆ ಬಿತ್ತು. ಮಗ ಓಡಿದ, ಅವನ ಹಿಂದೆ ಮಗಳು, ಮಗಳ ಹಿಂದೆ ನಾನು, ನನ್ನ ಹಿಂದೆ ಪೊಲೀಸರು. ಪೊಲೀಸರು ಓಡುವುದನ್ನು ಕಂಡು ಏನೋ ಆಯಿತೆಂದು ಇನ್ನಷ್ಟು ಜನ ಓಡಿಬಂದರು. ನಾವು ಮುಟ್ಟುವುದರೊಳಗೆ ಆಡು ಕಿರೀಟವನ್ನು ಜಗಿದು ನುಂಗಿತ್ತು.

"ಅಪ್ಪಾ, ರಾಜನ್ನ ತಿಂತು!" ಮಗನ ಕಣ್ಣಲ್ಲಿ ನೀರು.

"ಅದು ಗುಲಾಬಿ ಕಾಗದ ಅಂದ್ರ ಬಿಡಂಗಿಲ್ರಿ," ಎಂದು ಆಡು ಕಾಯುವಾತ ಗಾಬರಿಯಿಂದ ಹೇಳಿದ. ಅವನ ಕಣ್ಣು ಖಾಕಿಯ ಮೇಲೇ ಇತ್ತು. "ಏನರ ಮಹತ್ವದ್ದಿತ್ತೇನ್ರಿ ಸಾಹೇಬ್ರ?"

"ರಾಜ ಇದ್ನಪಾ," ಎಂದರು ಪೊಲೀಸರು ಗಂಭೀರವಾಗಿ. ಆಮೇಲೆ ಮಗನ ಹೆಗಲ ಮೇಲೆ ಕೈ ಹಾಕಿದರು. "ರಾಜ ಇಲ್ಲಂದ ಮ್ಯಾಲ ಈ ಸುತ್ತು ಲೆಕ್ಕಕ್ಕಿಲ್ಲ. ಹೌದಿಲ್ಲ?"

ಅವರು ಅಷ್ಟು ಅವಸರ ಮಾಡಿದ್ದು ನೋಡಿ ಮಗಳಿಗೆ ಸಂಶಯ ಬಂತು. "ನಿಮ್ಮ ಚೀಟಿ ತೋರಸ್ರಿ."

ಪೊಲೀಸರು ಮುಷ್ಟಿ ಬಿಚ್ಚಿದರು. ಮತ್ತೆ ಮೀಸೆ! ಮಗನ ಅಳು ಅರ್ಧಕ್ಕೇ ನಗೆಯಾಗಿ ತಿರುಗಿತು. ಡ್ರೈವರ್ ಹಾರ್ನ್ ಹೊಡೆಯುವವರೆಗೂ ಅಜ್ಜಿ "ಸಾಹೇಬಾ, ನಿನ್ನ ಹಣೇಬರನ ಹಂಗೈತಿ," ಎಂದು ಕಾಡುತ್ತಲೇ ಇದ್ದರು.

ಕನಕಗಿರಿ ದಾಟಿ ಸ್ವಲ್ಪ ದೂರ ಹೋದ ಮೇಲೆ ಕಿಟಕಿಯಾಚೆ ತೊಗರಿ ಹೋಗಿ ಭತ್ತದ ಗದ್ದೆ ಬಂತು. ಗಂಗಾವತಿಯಲ್ಲಿ ಪೊಲೀಸರು ಟೋಪಿ ಸರಿಮಾಡಿಕೊಂಡು ಅಜ್ಜಿಗೆ ಸೆಲ್ಯೂಟ್ ಹೊಡೆದು ಇಳಿದರು. ಅಜ್ಜಿಯನ್ನು ಕರೆದೊಯ್ಯಲು ಅಳಿಯ ಬೈಕ್ ತಂದಿದ್ದ. ಮಂಚದ ಮೇಲಿನ ಕೋಳಿಯ ಚಿತ್ರವನ್ನು ಅವರು ಕೇಳಿ ಇಸಿದುಕೊಂಡು ಕೌದಿಯ ಮಡಿಕೆಯಲ್ಲಿಟ್ಟರು. "ಮೊಮ್ಮಗಳಿಗೆ ತೋರಸ್ತೀನಿ. ಆಕೀ ಏನ್ ಅಂತಾಳ ನೋಡೂಣು," ಎಂದು ಮಗನ ಗದ್ದ ಹಿಡಿದು ಹೋದರು.

ಅಲ್ಲಿಂದ ಬೇರೆ ಬಸ್ಸು ಹಿಡಿದು ಆನೆಗೊಂದಿ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಮಕ್ಕಳು ತಾಯಿಯನ್ನು ಕಂಡದ್ದೇ ಇಬ್ಬರೂ ಒಟ್ಟಿಗೆ ಬಾಯಿಬಿಟ್ಟರು. ಆಡು ರಾಜನನ್ನು ತಿಂದದ್ದೂ, ಅಜ್ಜಿ ಪೊಲೀಸರನ್ನು ಹಿಡಿದದ್ದೂ ಕಲಸಿಹೋಗಿ ಅವಳಿಗೆ ಒಂದೂ ತಿಳಿಯಲಿಲ್ಲ. ತೊಟ್ಟಿಲಲ್ಲಿನ ಕೂಸನ್ನು ನೋಡಿದ ಮೇಲಂತೂ ಅವರಿಗೆ ನನ್ನ ನೆನಪೂ ಉಳಿಯಲಿಲ್ಲ. ಇಡೀ ದಿನ ಅವರೊಡನೆ ಆಡಿದ ನನಗೆ ಕೈ ಖಾಲಿಯಾದಂತೆನಿಸಿತು. ಉಂಡು ಹೊರಗಿನ ಕಟ್ಟೆಯ ಮೇಲೆ ಕುಳಿತೆ.

ಅಲ್ಲಿ ನನ್ನ ಮಾವ ಇದ್ದರು. ಬಾಳೆ ತೋಟದವರು, ಮಾತು ಬಹಳ ಕಡಿಮೆ. ಮದುವೆಯಾದಾಗಿನಿಂದ ನಮ್ಮಿಬ್ಬರ ನಡುವೆ "ಆರಾಮ ಅದೀರೇನು", "ಮಳಿ ಆತೇನು" ಬಿಟ್ಟರೆ ಬೇರೆ ಮಾತು ನಡೆದಿರಲಿಲ್ಲ. ಕಿಸೆಯಲ್ಲಿ ಚುಚ್ಚುತ್ತದೆಂದು ಪೆನ್ಸಿಲನ್ನೂ ಉಳಿದ ಹಾಳೆಗಳನ್ನೂ ತೆಗೆದು ಕಟ್ಟೆಯ ಮೇಲಿಟ್ಟೆ. ಮಾವ ಚೌಕಗಳಿದ್ದ ಹಾಳೆಯನ್ನು ಎತ್ತಿಕೊಂಡರು.

"ಯಾರ ಮನಿ ಪ್ಲಾನ್ ಇದು? ಖೋಲಿ ಭಾಳ ಅದಾವಲ್ಲ."

ಪ್ಲಾನ್ ಅಲ್ಲ, ಮಕ್ಕಳ ಆಟವೆಂದು ಹೇಳಿಕೊಟ್ಟೆ. ಅವರು ಹೊಸ ಹಾಳೆ ಮುಂದೆ ಸರಿಸಿ ಕಾದರು. ಚುಕ್ಕಿ ಇಟ್ಟೆ. ಮಾವ ಅವಸರ ಮಾಡುವವರಲ್ಲ. ಒಂದು ಗೆರೆಗೆ ಒಂದು ಎಲೆ ಅಡಿಕೆ ಮುಗಿಯುವಷ್ಟು ಯೋಚಿಸುತ್ತಿದ್ದರು. ನಾನು ಸಂಕೋಚದಿಂದ ಒಂದೆರಡು ಮನೆ ಬಿಟ್ಟುಕೊಟ್ಟೆ. ಸ್ವಲ್ಪ ಹೊತ್ತಿಗೆ ಬಿಟ್ಟುಕೊಡುವ ಅಗತ್ಯವೇ ಇಲ್ಲವೆಂದು ಗೊತ್ತಾಯಿತು. ಒಂದು ಮೂಲೆಯಲ್ಲಿ ಸುಮ್ಮನೆ ಗೆರೆ ಎಳೆದಂತೆ ಮಾಡಿ ಸಾಲಾಗಿ ಮನೆಗಳನ್ನು ಮುಚ್ಚುತ್ತ ಹೋದರು. ಮುಚ್ಚಿದ ಪ್ರತಿ ಮನೆಗೂ ಹ್ಞೂಂ ಎಂದು ಒಂದು ಸಣ್ಣ ನಗೆ.

ಹೆಂಡತಿ ಚಹಾ ತಂದು ನಮ್ಮಿಬ್ಬರನ್ನೂ ನೋಡಿ ಬಾಗಿಲಲ್ಲೇ ನಿಂತಳು. "ಏನ್ ನಡಸೀರಿ ಇಬ್ರೂ?"

ಮಾವ ತಲೆ ಎತ್ತಲಿಲ್ಲ. "ತಡಿಯವ್ವಾ," ಎಂದರು. "ನಿನ್ನ ಗಂಡನ ಮನಿ ಇನ್ನೊಂದು ಉಳದೈತಿ. ಅದನ್ನೂ ಕಸ್ಕೊಂಡು ಚಾ ಕುಡೀತೀನಿ."